ಚಕ್ರದ ಮೇಲಿನ ಖಾಲಿ ಜಾಗ

ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಕಲಿಸಿ ನಿವೃತ್ತನಾದವನು ಕಾರಿನ ಅಲಾಯ್ ವೀಲುಗಳ ಬಗ್ಗೆ ಬರೆಯಹೊರಟಿರುವುದನ್ನು ಕಂಡು ನಿಮ್ಮಲ್ಲಿ ಕೆಲವರು ನಗಬಹುದು. ನಗಿರಿ, ಅಡ್ಡಿಯಿಲ್ಲ. ಆದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಸ್ವಂತ ಕಾರು ಕೊಂಡಿದ್ದಾರೆ; ಬಂಧುಗಳ ಮಕ್ಕಳಂತೂ ಸಂಬಳ ಬಂದ ಮೊದಲ ವರ್ಷದಲ್ಲಿಯೇ ಕಾರಿನ ಚಕ್ರಗಳನ್ನು ಬದಲಿಸುವ ಮಾತನ್ನು ಆಡುತ್ತಾರೆ. ಮನೆಗೆ ಬಂದಾಗಲೆಲ್ಲ ಈ ವಿಷಯ ಎದ್ದೇಳುತ್ತದೆ. ತಂದೆ 'ಇದೆಲ್ಲ ಶೋಕಿ' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾನೆ. ಮಗ 'ನಿಮಗೆ ಗೊತ್ತಾಗುವುದಿಲ್ಲ' ಎಂದು ಮುಖ ತಿರುಗಿಸುತ್ತಾನೆ. ಇಬ್ಬರೂ ಲೆಕ್ಕ ಮಾಡುವುದಿಲ್ಲ. ಲೆಕ್ಕ ಮಾಡದ ಜಗಳವನ್ನು ನೋಡಿಕೊಂಡು ಸುಮ್ಮನಿರುವುದು ಗಣಿತದ ಮೇಷ್ಟ್ರಿಗೆ ಕಷ್ಟ. ಆದ್ದರಿಂದ ಈ ಲೇಖನ.

ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ. ದೊಡ್ಡ ಚಕ್ರ ಹಾಕಿಸುವುದು ತಪ್ಪಲ್ಲ. ಅಳತೆಯಿಲ್ಲದೆ ಹಾಕಿಸುವುದು ತಪ್ಪು. ಕಾರಿನ ಚಕ್ರಕ್ಕೂ ಅದರ ಮೇಲಿನ ಮಡ್ಗಾರ್ಡಿಗೂ ನಡುವೆ ಒಂದು ಅಂತರ ಇರುತ್ತದೆ. ಎರಡು ಮೂರು ಬೆರಳು ಹಿಡಿಯುವ ಆ ಜಾಗ ಹುಡುಗರ ಕಣ್ಣಿಗೆ ವ್ಯರ್ಥವಾಗಿ ಬಿದ್ದಿರುವಂತೆ ಕಾಣುತ್ತದೆ. ಅದನ್ನು ತುಂಬಿಸಬೇಕೆಂದು ಅವರಿಗೆ ಅನ್ನಿಸುತ್ತದೆ. ಆದರೆ ಆ ಜಾಗ ಖಾಲಿಯಾಗಿಲ್ಲ. ಹಿಂದಿನ ಸೀಟಿನಲ್ಲಿ ಮೂವರು ಕುಳಿತಾಗ ಸ್ಪ್ರಿಂಗು ಕುಗ್ಗಲು ಬೇಕಾದ ಜಾಗ ಅದು. ಗುಂಡಿಗೆ ಬಿದ್ದಾಗ ಚಕ್ರ ಮೇಲೇಳಲು ಬೇಕಾದ ಜಾಗ ಅದು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಚಕ್ರದ ಮೂಲೆಗಳು ಸುತ್ತಿ ಬರುವ ಜಾಗ ಅದು. ರೈಲಿನಲ್ಲಿ ಕಾದಿರಿಸಿದ ಸೀಟು ಮುಂದಿನ ನಿಲ್ದಾಣದವರೆಗೆ ಖಾಲಿ ಕಾಣುವುದಿಲ್ಲವೇ? ಹಾಗೆಯೇ ಇದೂ ಕಾದಿರಿಸಿದ ಜಾಗ. ಅದರ ಹಕ್ಕುದಾರರು ಆಮೇಲೆ ಬರುತ್ತಾರೆ.

ಈಗ ಟೈರಿನ ಮೇಲೆ ಬರೆದಿರುವುದನ್ನು ಓದುವುದನ್ನು ಕಲಿಯೋಣ. ಉದಾಹರಣೆಗೆ 185/65 ಆರ್15 ಎಂದು ಬರೆದಿದೆ ಎಂದುಕೊಳ್ಳಿ. ಒಂದೇ ಸಾಲಿನಲ್ಲಿ ಮೂರು ಬಗೆಯ ಮಾನಗಳು ಸೇರಿಕೊಂಡಿರುವ ವಿಚಿತ್ರ ಬರಹ ಇದು. ಮೊದಲನೆಯ 185 ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯ 65 ಶೇಕಡಾವಾರು: ಟೈರಿನ ಪಕ್ಕದ ಗೋಡೆಯ ಎತ್ತರವು ಅಗಲದ ಶೇಕಡ 65 ಎಂದರ್ಥ. 'ಆರ್' ಎಂದರೆ ರೇಡಿಯಲ್ ರಚನೆ. ಕೊನೆಯ 15 ಲೋಹದ ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಒಂದು ಅಂಗುಲಕ್ಕೆ 25.4 ಮಿಲಿಮೀಟರ್. ಎಂಟನೆಯ ತರಗತಿಯ ಹುಡುಗನೂ ಇದರಿಂದ ಇಡೀ ಚಕ್ರದ ವ್ಯಾಸವನ್ನು ಕಂಡುಹಿಡಿಯಬಹುದು. 185ರ ಶೇಕಡ 65 ಎಂದರೆ 120.25 ಮಿ.ಮೀ. ರಿಮ್ಮಿನ ಮೇಲೊಂದು ಕೆಳಗೊಂದು ಗೋಡೆ ಇರುವುದರಿಂದ ಅದರ ಎರಡರಷ್ಟು 240.5. ರಿಮ್ಮಿನ ವ್ಯಾಸ 15ನ್ನು 25.4ರಿಂದ ಗುಣಿಸಿದರೆ 381. ಕೂಡಿದರೆ 621.5 ಮಿ.ಮೀ. ಇಷ್ಟೇ ಲೆಕ್ಕ. ಕಾಗದದ ಚೂರು ಮತ್ತು ಪೆನ್ಸಿಲ್ ಸಾಕು.

ಈ ಲೆಕ್ಕವನ್ನು ಕಾರು ತಯಾರಿಸುವವರು ಹೇಗೆ ಬಳಸುತ್ತಾರೆ ಎಂಬುದನ್ನು ನಮ್ಮ ಬೀದಿಗಳಲ್ಲಿ ಎಲ್ಲೆಲ್ಲೂ ಕಾಣುವ ಒಂದು ಕಾರಿನಿಂದಲೇ ತಿಳಿಯಬಹುದು. ಮಾರುತಿ ಸುಜುಕಿ ಸ್ವಿಫ್ಟ್ ಕಾರಿನ 2011ರ ಮತ್ತು 2018ರ ಪೀಳಿಗೆಗಳಲ್ಲಿ ಕಡಿಮೆ ಬೆಲೆಯ ಮಾದರಿಗಳಿಗೆ 165/80 ಆರ್14 ಟೈರನ್ನೂ ಹೆಚ್ಚು ಬೆಲೆಯ ಮಾದರಿಗಳಿಗೆ 185/65 ಆರ್15 ಟೈರನ್ನೂ ಕೊಟ್ಟಿದ್ದರು. ಒಂದರ ರಿಮ್ಮು 14 ಅಂಗುಲ, ಇನ್ನೊಂದರದು 15. ನೋಡಿದವರು ಎರಡನೆಯ ಚಕ್ರ ದೊಡ್ಡದು ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. 165ರ ಶೇಕಡ 80 ಎಂದರೆ 132; ಅದರ ಎರಡರಷ್ಟು 264; 14 ಅಂಗುಲಕ್ಕೆ 355.6, ಒಟ್ಟು 619.6 ಮಿ.ಮೀ. ಇನ್ನೊಂದು 621.5. ವ್ಯತ್ಯಾಸ 1.9 ಮಿ.ಮೀ. ಮಾತ್ರ! ತ್ರಿಜ್ಯದಲ್ಲಿ ಒಂದು ಮಿಲಿಮೀಟರ್ ಕೂಡ ಇಲ್ಲ. ಅಂದರೆ ರಿಮ್ಮನ್ನು ಒಂದು ಅಂಗುಲ ಹಿಗ್ಗಿಸಿದವರು ಟೈರಿನ ಗೋಡೆಯನ್ನು ಅಷ್ಟೇ ಕುಗ್ಗಿಸಿ ಇಡೀ ಚಕ್ರದ ಎತ್ತರವನ್ನು ಮೊದಲಿನಂತೆಯೇ ಉಳಿಸಿಕೊಂಡರು. ದೊಡ್ಡ ಚಕ್ರವನ್ನು ಉಜ್ಜದಂತೆ ಕೂರಿಸುವ ಶಾಸ್ತ್ರದ ಮೊದಲ ಸೂತ್ರವೇ ಇದು: ರಿಮ್ಮು ಬೆಳೆಯಲಿ, ಚಕ್ರ ಬೆಳೆಯಬಾರದು.

ಅದೇ ಸೂತ್ರವನ್ನು ಮುಂದುವರಿಸಿದರೆ 195/55 ಆರ್16 ಟೈರಿನ ವ್ಯಾಸ 620.9 ಮಿ.ಮೀ. ಆಗುತ್ತದೆ. 205/45 ಆರ್17 ಟೈರಿಗೆ 616.3. ಇವೂ ಹೆಚ್ಚುಕಡಿಮೆ ಅದೇ ಎತ್ತರದವು. ಈಗ ತಪ್ಪು ಆಯ್ಕೆಯೊಂದನ್ನು ನೋಡಿ. 'ರಿಮ್ಮು ಹದಿನೈದೇ ಇರಲಿ, ಟೈರು ಮಾತ್ರ ದಪ್ಪ ಹಾಕೋಣ' ಎಂದು 205/65 ಆರ್15 ಹಾಕಿಸುವವರಿದ್ದಾರೆ. ಹೆಸರಿನಲ್ಲಿ ಬದಲಾದದ್ದು ಒಂದೇ ಅಂಕಿ. ಆದರೆ ಶೇಕಡಾವಾರು ಅಂಶ ಅಗಲವನ್ನು ಅವಲಂಬಿಸಿರುವುದರಿಂದ ಅಗಲ ಹೆಚ್ಚಿದರೆ ಗೋಡೆಯೂ ಎತ್ತರವಾಗುತ್ತದೆ. ಈ ಟೈರಿನ ವ್ಯಾಸ 647.5 ಮಿ.ಮೀ. ಮೊದಲಿಗಿಂತ 26 ಮಿ.ಮೀ. ಹೆಚ್ಚು, ಚಕ್ರದ ಮೇಲಿನ ಜಾಗದಲ್ಲಿ 13 ಮಿ.ಮೀ. ಹೋಯಿತು, ಮುಂದೆ ಹಿಂದೆಯೂ ಅಷ್ಟಷ್ಟು ಹೋಯಿತು. ಶೇಕಡ ನಾಲ್ಕಕ್ಕಿಂತ ಹೆಚ್ಚಿನ ಈ ಬೆಳವಣಿಗೆಯಿಂದ ವೇಗಮಾಪಕವೂ ದಾರಿ ತಪ್ಪುತ್ತದೆ. ಮುಳ್ಳು ಮೊದಲಿನ ಅಂಕಿಯನ್ನೇ ತೋರಿಸುತ್ತಿರುವಾಗ ಕಾರು ನೂರಕ್ಕೆ ನಾಲ್ಕು ಕಿಲೋಮೀಟರಿನಷ್ಟು ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ವ್ಯಾಸದ ವ್ಯತ್ಯಾಸ ಶೇಕಡ ಮೂರನ್ನು ದಾಟಬಾರದೆಂದು ಸಾಮಾನ್ಯವಾಗಿ ಹೇಳುವುದುಂಟು. ಶೇಕಡ ಒಂದರೊಳಗೆ ಸಿಗುವ ಅಳತೆಗಳಿರುವಾಗ ಮೂರರ ಅಂಚಿಗೆ ಹೋಗುವ ಅಗತ್ಯವೇನು ಎಂಬುದು ನನ್ನ ಪ್ರಶ್ನೆ. ಪಾಸಾಗಲು ಮೂವತ್ತೈದು ಅಂಕ ಸಾಕು ಎಂದು ಮೂವತ್ತೈದಕ್ಕೇ ಓದುವ ವಿದ್ಯಾರ್ಥಿಯನ್ನು ನಾನು ಎಂದೂ ಮೆಚ್ಚಲಿಲ್ಲ.

ಎತ್ತರದ ಲೆಕ್ಕ ಇಷ್ಟು. ಇದನ್ನು ಮಾಡಿದವರೂ ಸೋಲುವುದು ಅಗಲದ ಲೆಕ್ಕದಲ್ಲಿ. ಅಂಗಡಿಗೆ ಹೋದವರು ಎಷ್ಟು ಅಂಗುಲ ಎಂದು ಕೇಳುತ್ತಾರೆ, ಯಾವ ವಿನ್ಯಾಸ ಎಂದು ಕೇಳುತ್ತಾರೆ, ಬೆಲೆ ಕೇಳುತ್ತಾರೆ. ಆಫ್‌ಸೆಟ್ ಎಷ್ಟು ಎಂದು ಕೇಳುವವರು ನೂರಕ್ಕೆ ಒಬ್ಬರೋ ಇಬ್ಬರೋ. ರಿಮ್ಮಿನ ಒಳಮುಖದಲ್ಲಿ 'ಇಟಿ' ಎಂಬ ಎರಡು ಅಕ್ಷರಗಳ ಮುಂದೆ ಕೆತ್ತಿರುವ ಅಂಕಿಯೇ ಆಫ್‌ಸೆಟ್. ರಿಮ್ಮಿನ ಅಗಲದ ಸರಿಯಾದ ನಡುಗೆರೆಯಿಂದ, ಅದು ಕಾರಿನ ಹಬ್ಬಿಗೆ ತಗಲುವ ಮುಖದವರೆಗಿನ ದೂರ ಅದು, ಮಿಲಿಮೀಟರುಗಳಲ್ಲಿ. ಇಂದಿನ ಸಣ್ಣ ಕಾರುಗಳಲ್ಲಿ ಈ ಮುಖ ನಡುಗೆರೆಗಿಂತ ಹೊರಕ್ಕೆ ಇರುತ್ತದೆ. ಆಫ್‌ಸೆಟ್ ಅಂಕಿ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಬರುತ್ತದೆ. ಹೆಚ್ಚಾದಷ್ಟೂ ಒಳಕ್ಕೆ ಹೋಗುತ್ತದೆ.

ಒಂದು ಉದಾಹರಣೆಯನ್ನು ಕರಿಹಲಗೆಯ ಮೇಲೆ ಬರೆದಂತೆ ಬರೆಯುತ್ತೇನೆ. ಹಳೆಯ ರಿಮ್ಮಿನ ಅಗಲ 5.5 ಅಂಗುಲ, ಆಫ್‌ಸೆಟ್ 45 ಎಂದಿರಲಿ. ಅಗಲದ ಅರ್ಧ 69.85 ಮಿ.ಮೀ. ಹಬ್ಬಿನ ಮುಖದಿಂದ ರಿಮ್ಮಿನ ಹೊರ ಅಂಚಿಗೆ 69.85ರಲ್ಲಿ 45 ಕಳೆದರೆ 24.85. ಒಳ ಅಂಚಿಗೆ 69.85ಕ್ಕೆ 45 ಕೂಡಿದರೆ 114.85. ಈಗ ಹೊಸ ರಿಮ್ಮಿನ ಅಗಲ 7 ಅಂಗುಲ, ಆಫ್‌ಸೆಟ್ 38 ಎಂದಿರಲಿ. ಅರ್ಧ 88.9. ಹೊರಕ್ಕೆ 50.9, ಒಳಕ್ಕೆ 126.9. ಹಾಗಾದರೆ ಹೊಸ ಚಕ್ರ ಹಳೆಯದಕ್ಕಿಂತ ಹೊರಗಡೆ 26 ಮಿ.ಮೀ., ಒಳಗಡೆ 12 ಮಿ.ಮೀ. ಹೆಚ್ಚು ಜಾಗ ಕೇಳುತ್ತದೆ. ಒಂದು ಅಂಗುಲಕ್ಕಿಂತ ಹೆಚ್ಚು ಹೊರಕ್ಕೆ! ಹೊರಗೆ ಮಡ್ಗಾರ್ಡಿನ ತುಟಿ ಕಾದಿದೆ, ಒಳಗೆ ಸ್ಪ್ರಿಂಗಿನ ತಟ್ಟೆ ಕಾದಿದೆ. ಅದೇ ಕಾರಿಗೆ 6 ಅಂಗುಲ ಅಗಲದ, ಅದೇ 45 ಆಫ್‌ಸೆಟ್ಟಿನ ರಿಮ್ಮನ್ನು ಆರಿಸಿದ್ದರೆ ಎರಡೂ ಕಡೆಗೆ 6.35 ಮಿ.ಮೀ. ಮಾತ್ರ ಹೆಚ್ಚಾಗುತ್ತಿತ್ತು. ಚಕ್ರದ ವ್ಯಾಸ ಒಂದೇ ಆಗಿರುವ ಎರಡು ಜೊತೆ ಚಕ್ರಗಳಲ್ಲಿ ಒಂದು ಉಜ್ಜುವುದೂ ಇನ್ನೊಂದು ಉಜ್ಜದಿರುವುದೂ ಈ ಕಾರಣದಿಂದ. ಇದಲ್ಲದೆ ಒಂದೇ ಅಳತೆ ಬರೆದಿರುವ ಎರಡು ಕಂಪನಿಗಳ ಟೈರುಗಳು ನಿಜವಾದ ಅಗಲದಲ್ಲಿಯೂ ಭುಜದ ಆಕಾರದಲ್ಲಿಯೂ ಕೆಲವು ಮಿಲಿಮೀಟರುಗಳಷ್ಟು ಬೇರೆಯಾಗಿರಬಹುದು. ಆದ್ದರಿಂದ ಲೆಕ್ಕದಲ್ಲಿ ಎರಡೇ ಮಿಲಿಮೀಟರ್ ಉಳಿಯಿತು ಎಂದರೆ ಏನೂ ಉಳಿಯಲಿಲ್ಲ ಎಂದೇ ತಿಳಿಯಬೇಕು.

ರಿಮ್ಮು ಹಬ್ಬಿನ ಮೇಲೆ ಕೂರುವ ಬಗೆಗೂ ಎರಡು ಅಳತೆಗಳಿವೆ. ಬೋಲ್ಟುಗಳ ಸಂಖ್ಯೆ ಮತ್ತು ಅವು ಇರುವ ವೃತ್ತದ ವ್ಯಾಸ ಒಂದು. ನಮ್ಮಲ್ಲಿಯ ಅನೇಕ ಸಣ್ಣ ಕಾರುಗಳಲ್ಲಿ ನಾಲ್ಕು ಬೋಲ್ಟು, 100 ಮಿ.ಮೀ. ವೃತ್ತ. ರಿಮ್ಮಿನ ನಡುವಿನ ರಂಧ್ರದ ವ್ಯಾಸ ಇನ್ನೊಂದು. ಹೊರಗಿನ ಮಾರುಕಟ್ಟೆಗೆ ತಯಾರಾದ ರಿಮ್ಮುಗಳಲ್ಲಿ ಹಲವು ಕಾರುಗಳಿಗೆ ಹೊಂದಲಿ ಎಂದು ಈ ರಂಧ್ರವನ್ನು ದೊಡ್ಡದಾಗಿ ಕೊರೆದಿರುತ್ತಾರೆ. ಆಗ ನಡುವೆ ಸರಿಯಾದ ಅಳತೆಯ ಉಂಗುರ ಹಾಕದಿದ್ದರೆ ಚಕ್ರ ಕೇಂದ್ರದಿಂದ ಕೂದಲೆಳೆಯಷ್ಟು ಸರಿದು ಸ್ಟೀರಿಂಗು ನಡುಗುತ್ತದೆ. ಬೆಲೆಯಲ್ಲಿ ಅತಿ ಚಿಕ್ಕದಾದ ಈ ಉಂಗುರವನ್ನು ಮರೆಯಬೇಡಿ.

ಇಷ್ಟೆಲ್ಲ ಅಂಕಿಗಳೇಕೆ, ಸ್ವಲ್ಪ ಉಜ್ಜಿದರೆ ಏನಾಯಿತು ಎನ್ನುವವರಿಗೆ ನಾನೇ ಕಂಡ ಒಂದು ಪ್ರಸಂಗವನ್ನು ಹೇಳಬೇಕು. ಹತ್ತಿರದ ಬಂಧುವೊಬ್ಬನು ತನ್ನ ಕಾರಿಗೆ ಅಗಲವಾದ ಹೊಸ ಚಕ್ರಗಳನ್ನು ಹಾಕಿಸಿಕೊಂಡಿದ್ದನು. ಬೆಂಗಳೂರಿನಲ್ಲಿ ಎರಡು ತಿಂಗಳು ಒಬ್ಬನೇ ಕಚೇರಿಗೆ ಹೋಗಿಬಂದಾಗ ಯಾವ ಸದ್ದೂ ಇರಲಿಲ್ಲವಂತೆ. ಅನಂತರ ಧರ್ಮಸ್ಥಳಕ್ಕೆ ಐದು ಜನ ಹೊರಟೆವು, ನಾನೂ ಅವರಲ್ಲೊಬ್ಬ. ಹಿಂದಿರುಗುವಾಗ ಚಾರ್ಮಾಡಿ ಘಾಟಿಯನ್ನು ಏರತೊಡಗಿದಾಗ ಪ್ರತಿಯೊಂದು ಎಡ ತಿರುವಿನಲ್ಲಿಯೂ ಬಲಗಡೆಯ ಹಿಂದಿನ ಚಕ್ರದಿಂದ ಗರಗಸದಂತಹ ಸದ್ದು. ಸುಟ್ಟ ರಬ್ಬರಿನ ವಾಸನೆಯೂ ಸಣ್ಣಗೆ ಬಂದಿತು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೋಡಿದೆವು. ಟೈರಿನ ಹೊರ ಭುಜದ ಸುತ್ತಲೂ ಬಳೆಯಂತೆ ಒಂದು ಗೆರೆ ಕೊರೆದಿತ್ತು. ಮಡ್ಗಾರ್ಡಿನ ಒಳತುಟಿಯ ತಗಡು ಉಜ್ಜಿ ಉಜ್ಜಿ ಬಣ್ಣ ಕಳೆದುಕೊಂಡು ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ಹುಡುಗ ಅಲ್ಲಿಂದಲೇ ಅಂಗಡಿಯವನಿಗೆ ಫೋನ್ ಮಾಡಿದ. 'ಸ್ವಲ್ಪ ದಿನ ಓಡ್ಸಿ ಸಾರ್, ಸೆಟ್ ಆಗುತ್ತೆ' ಎಂಬ ಉತ್ತರ ಬಂದಿತು.

ಸೆಟ್ ಆಗುವುದೆಂದರೆ ಏನು? ತಗಡು ಸವೆಯುವುದೇ, ಟೈರು ಸವೆಯುವುದೇ? ಟೈರಿನ ನೆಲ ಮುಟ್ಟುವ ಭಾಗದಲ್ಲಿ ದಪ್ಪ ರಬ್ಬರು ಇರುತ್ತದೆ. ಪಕ್ಕದ ಗೋಡೆಯಲ್ಲಿ ತೆಳುವಾದ ರಬ್ಬರಿನ ಹಿಂದೆ ನೂಲಿನ ಪದರಗಳಿರುತ್ತವೆ. ಕಾರಿನ ಭಾರವನ್ನು ಹೊರುವುದು ಒಳಗಿನ ಗಾಳಿ. ಆ ಗಾಳಿಯನ್ನು ಹಿಡಿದಿಡುವುದು ಈ ನೂಲು. ತಗಡಿನ ಅಂಚು ನೂಲನ್ನು ಮುಟ್ಟಿದ ದಿನ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ, ಟೈರು ಒಡೆಯುತ್ತದೆ. ಅದು ಒಡೆಯುವ ಸಮಯ ಯಾವುದೆಂದು ಯೋಚಿಸಿ. ಕಾರು ಖಾಲಿ ಇರುವಾಗ ಉಜ್ಜುವಿಕೆ ಇಲ್ಲ; ಮನೆಯವರೆಲ್ಲ ಕುಳಿತು, ಸಾಮಾನು ತುಂಬಿ, ತಿರುವಿನಲ್ಲಿ ಕಾರು ವಾಲಿದಾಗಲೇ ಅದು ಉಜ್ಜುವುದು. ಹೀಗಾಗಿ ತಪ್ಪು ಅಳತೆಯ ಚಕ್ರ ತನ್ನ ಯಜಮಾನನನ್ನು ಒಂಟಿಯಾಗಿರುವಾಗ ಹೆದರಿಸುವುದಿಲ್ಲ. ಅವನ ತಾಯಿ, ಹೆಂಡತಿ, ಮಕ್ಕಳು ಜೊತೆಗಿರುವಾಗಲೇ, ಒಂದು ಪಕ್ಕದಲ್ಲಿ ಕಣಿವೆ ಇರುವಾಗಲೇ ತನ್ನ ದೋಷವನ್ನು ಹೊರಗೆಡಹುತ್ತದೆ. ಈ ಲೇಖನ ಬರೆಯಲು ಪ್ರೇರಣೆಯಾದದ್ದು ಈ ಒಂದು ವಿಚಾರವೇ.

ಉಜ್ಜುವ ಚಕ್ರಕ್ಕೆ ಸೂಚಿಸುವ ಪರಿಹಾರಗಳೂ ಹಲವು. ಅವುಗಳಲ್ಲಿ ಹೆಚ್ಚಿನವು ರೋಗವನ್ನು ಒಂದು ಅಂಗದಿಂದ ಇನ್ನೊಂದು ಅಂಗಕ್ಕೆ ಸಾಗಿಸುವ ಔಷಧಗಳು. ಮಡ್ಗಾರ್ಡಿನ ಒಳತುಟಿಯನ್ನು ಬಿಸಿಗಾಳಿಯಿಂದ ಕಾಯಿಸಿ ಉರುಳೆಯ ಉಪಕರಣದಿಂದ ಮೇಲಕ್ಕೆ ಮಡಿಸುವುದು ಒಂದು ವಿಧಾನ. ಕೈಬಲ್ಲವರು ಮಾಡಿದರೆ ಕೆಲವು ಮಿಲಿಮೀಟರುಗಳ ಜಾಗ ನಿಜವಾಗಿಯೂ ಸಿಗುತ್ತದೆ. ಆದರೆ ಮಡಿಕೆಯಲ್ಲಿ ಬಣ್ಣ ಬಿರಿದರೆ ಅಲ್ಲಿಗೆ ನೀರು ಸೇರುತ್ತದೆ. ಉಡುಪಿ, ಮಂಗಳೂರು, ಕಾರವಾರಗಳ ಉಪ್ಪುಗಾಳಿಯಲ್ಲಿ ತಗಡು ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂಬುದು ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ಚಕ್ರ ಒಳಗಡೆ ತಗಲಿದರೆ ಹಬ್ಬಿಗೂ ರಿಮ್ಮಿಗೂ ನಡುವೆ ಬಿಲ್ಲೆಯಂತಹ ಸ್ಪೇಸರನ್ನು ಇಡುತ್ತಾರೆ. ಇದು ಚಕ್ರವನ್ನು ಹೊರಕ್ಕೆ ತಳ್ಳುತ್ತದೆ, ಆದರೆ ಬೋಲ್ಟಿನ ಉದ್ದವನ್ನು ತಿನ್ನುತ್ತದೆ. ಬೋಲ್ಟಿನ ಎಳೆಗಳ ಅಂತರ 1.25 ಮಿ.ಮೀ. ಇದ್ದರೆ 5 ಮಿ.ಮೀ. ದಪ್ಪದ ಸ್ಪೇಸರಿನಿಂದ ನಟ್ಟು ಹಿಡಿಯುವ ನಾಲ್ಕು ಸುತ್ತುಗಳು ಕಡಿಮೆಯಾಗುತ್ತವೆ. ಉದ್ದವಾದ ಬೋಲ್ಟುಗಳಿಲ್ಲದೆ ಸ್ಪೇಸರ್ ಹಾಕುವುದು ಕುಣಿಕೆ ಬಿಗಿಯದೆ ಕೊಡವನ್ನು ಬಾವಿಗೆ ಇಳಿಬಿಟ್ಟಂತೆ. ಸ್ಪ್ರಿಂಗನ್ನು ಗಡುಸು ಮಾಡಿಸಿ ಚಕ್ರ ಮೇಲೇಳದಂತೆ ಮಾಡುವವರೂ ಇದ್ದಾರೆ. ಸ್ಪ್ರಿಂಗು ಕುಗ್ಗದಿದ್ದರೆ ಬೆನ್ನುಮೂಳೆ ಕುಗ್ಗಬೇಕಾಗುತ್ತದೆ. ಸ್ಟೀರಿಂಗು ಪೂರ್ತಿ ತಿರುಗದಂತೆ ತಡೆ ಇಡುವುದು ಇನ್ನೊಂದು ಉಪಾಯ; ಒಂದೇ ಏಟಿಗೆ ತಿರುಗುತ್ತಿದ್ದ ಘಾಟಿಯ ತಿರುವಿನಲ್ಲಿ ಆಮೇಲೆ ಹಿಂದಕ್ಕೆ ಬಂದು ಮತ್ತೆ ತಿರುಗಿಸಬೇಕಾಗುತ್ತದೆ. ಹಿಂದಿನಿಂದ ಸರ್ಕಾರಿ ಬಸ್ಸು ಬರುತ್ತಿರುವಾಗ ಈ ಉಪಾಯದ ಬೆಲೆ ತಿಳಿಯುತ್ತದೆ. ಚಕ್ರದ ಒಳಗಿನ ಪ್ಲಾಸ್ಟಿಕ್ ಹೊದಿಕೆಯ ಒಂದು ಮೂಲೆಯನ್ನು ಬಿಸಿ ಮಾಡಿ ಸ್ವಲ್ಪ ಹಿಂದೆ ಒತ್ತುವುದು ಮಾತ್ರ ಹೆಚ್ಚು ಹಾನಿಯಿಲ್ಲದ ಕೆಲಸ. ಅದೂ ಒಂದೆರಡು ಮಿಲಿಮೀಟರುಗಳ ಮಾತು.

ಆದ್ದರಿಂದ ಹಾಕಿಸಿದ ಮೇಲೆ ತಿದ್ದುವುದಕ್ಕಿಂತ ಹಾಕಿಸುವ ಮೊದಲು ಪರೀಕ್ಷಿಸುವುದು ಮೇಲು. ಅದಕ್ಕೆ ಪ್ರಯೋಗಾಲಯ ಬೇಡ. ಅಂಗಡಿಯವನಿಂದ ನಾಲ್ಕೂ ಚಕ್ರಗಳನ್ನು ಕೊಳ್ಳುವ ಮೊದಲು ಮುಂದೊಂದು ಹಿಂದೊಂದು ಜೋಡಿಸಿ ತೋರಿಸಲು ಹೇಳಿ. ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ, ಒಳಗಡೆ ಸ್ಪ್ರಿಂಗು, ಕೆಳತೋಳು, ಪ್ಲಾಸ್ಟಿಕ್ ಹೊದಿಕೆ, ಮುಂದಿನ ಬಂಪರಿನ ಮೂಲೆ, ಇವುಗಳಿಗೂ ಟೈರಿಗೂ ನಡುವೆ ಬೆರಳು ಹೋಗುತ್ತದೆಯೇ ನೋಡಿ. ಅನಂತರ ಸೀಟುಗಳಲ್ಲಿ ಪೂರ್ತಿ ಜನರನ್ನು ಕೂರಿಸಿ. ಟೈರಿನ ಎರಡೂ ಭುಜಗಳಿಗೆ ಸೀಮೆಸುಣ್ಣವನ್ನು ದಪ್ಪವಾಗಿ ಬಳಿಯಿರಿ. ಒಂದು ಚಕ್ರ ರಸ್ತೆಯುಬ್ಬಿನ ಮೇಲೆ, ಕರ್ಣದಲ್ಲಿ ಎದುರಾಗಿರುವ ಇನ್ನೊಂದು ಚಕ್ರ ಸಮತಲದಲ್ಲಿ ಇರುವಂತೆ ಓರೆಯಾಗಿ, ನಡೆಯುವ ವೇಗದಲ್ಲಿ ಹಲವು ಬಾರಿ ದಾಟಿಸಿ. ಆಮೇಲೆ ಇಳಿದು ನೋಡಿ. ಸುಣ್ಣ ಅಳಿಸಿದ ಕಡೆ, ಅಥವಾ ತಗಡಿನ ಮೇಲೆ ಬಿಳಿ ಗೆರೆ ಮೂಡಿದ ಕಡೆ, ಚಕ್ರ ಉಜ್ಜಿದೆ. ಮೂವತ್ತು ವರ್ಷ ನನ್ನ ಅಂಗಿಯ ತೋಳನ್ನು ಬಿಳಿ ಮಾಡಿದ ಆ ಬಡ ಸೀಮೆಸುಣ್ಣ ಇಲ್ಲಿಯೂ ಸುಳ್ಳು ಹೇಳುವುದಿಲ್ಲ.

ಉಜ್ಜದ ಚಕ್ರವೆಲ್ಲ ಒಳ್ಳೆಯ ಚಕ್ರ ಎಂದೂ ಅಲ್ಲ. ಚಕ್ರದ ಎತ್ತರವನ್ನು ಹಾಗೆಯೇ ಉಳಿಸಿಕೊಂಡು ರಿಮ್ಮನ್ನು ಒಂದು ಅಂಗುಲ ಬೆಳೆಸಿದರೆ ಟೈರಿನ ಗೋಡೆ 12.7 ಮಿ.ಮೀ. ತಗ್ಗಲೇಬೇಕು. ಮೇಲೆ ಹೇಳಿದ 165/80 ಆರ್14 ಟೈರಿನ ಗೋಡೆ 132 ಮಿ.ಮೀ.; 205/45 ಆರ್17 ಟೈರಿನದು 92.25. ಸುಮಾರು ನಾಲ್ಕು ಸೆಂಟಿಮೀಟರುಗಳ ರಬ್ಬರು ಮತ್ತು ಗಾಳಿಯ ಮೆತ್ತೆ ಹೋಗಿ ಅಲ್ಲಿ ಲೋಹ ಬಂದು ಕುಳಿತಿದೆ. ಜೋಡಿಸಿದ ಹಾಗೆ ನುಣುಪಾದ ಹೆದ್ದಾರಿಯಲ್ಲಿ ಇದು ಚೆನ್ನ. ತಿರುವುಗಳಲ್ಲಿ ಕಾರು ಹೆಚ್ಚು ಖಚಿತವಾಗಿ ನಡೆದುಕೊಳ್ಳುತ್ತದೆ ಎಂಬುದೂ ನಿಜ. ಆದರೆ ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಬಿದ್ದಾಗ ರಿಮ್ಮು ಬಾಗುವುದು, ಗೋಡೆ ಉಬ್ಬುವುದು ಇಂತಹ ಟೈರುಗಳಲ್ಲಿಯೇ ಹೆಚ್ಚು. ಹಳೆಯ ಅಂಬಾಸಡರ್ ಕಾರಿಗೂ 15 ಅಂಗುಲದ ರಿಮ್ಮೇ ಇತ್ತೆಂಬುದು ಎಷ್ಟು ಜನರಿಗೆ ನೆನಪಿದೆ? 1983ರ ಕೊನೆಯಲ್ಲಿ ಬಂದ ಮಾರುತಿ 800ಕ್ಕೆ 12 ಅಂಗುಲ. ಅಂಬಾಸಡರಿನ ರಿಮ್ಮಿನ ಸುತ್ತ ಎತ್ತರವಾದ ಗೋಡೆಯ ಟೈರು ಇದ್ದುದರಿಂದ ಅದು ಹಳ್ಳಿಯ ಕಲ್ಲುದಾರಿಗಳನ್ನು ಅಂಜದೆ ದಾಟುತ್ತಿತ್ತು. ಆದ್ದರಿಂದ ಬರಿಯ ಅಂಗುಲಗಳನ್ನು ಎಣಿಸುವುದು ಅರ್ಧ ವಿದ್ಯೆ, ಗೋಡೆಯನ್ನೂ ಎಣಿಸಬೇಕು.

ಭಾರದ ಅಂಕಿಯನ್ನೂ ನೋಡಬೇಕು. ಟೈರಿನ ಅಳತೆಯ ಮುಂದೆ 84, 87, 88 ಎಂಬಂತಹ ಸಂಖ್ಯೆ ಇರುತ್ತದೆ. ಇದು ಕಿಲೋಗ್ರಾಂ ಅಲ್ಲ, ಕೋಷ್ಟಕದ ಸೂಚಿ. 88 ಎಂದರೆ ಆ ಟೈರು 560 ಕಿಲೋ ಹೊರಬಲ್ಲದು. 87 ಎಂದರೆ 545. 84 ಎಂದರೆ 500. ಗೋಡೆ ತಗ್ಗಿದಂತೆ ಒಳಗಿನ ಗಾಳಿಯ ಪ್ರಮಾಣ ತಗ್ಗುವುದರಿಂದ ಈ ಸೂಚಿಯೂ ತಗ್ಗುವ ಸಾಧ್ಯತೆ ಇದೆ. 88ನ್ನು ತೆಗೆದು 84ನ್ನು ಹಾಕಿಸಿದವನು ಒಂದೊಂದು ಚಕ್ರದಲ್ಲಿ 60 ಕಿಲೋ, ನಾಲ್ಕರಲ್ಲಿ 240 ಕಿಲೋ ಶಕ್ತಿಯನ್ನು ಕಳೆದುಕೊಂಡಂತೆ. ಕಾರು ತಯಾರಕರು ಸೂಚಿಸಿದ ಸಂಖ್ಯೆಗಿಂತ ಕಡಿಮೆಯದನ್ನು ಎಂದಿಗೂ ಕೊಳ್ಳಬೇಡಿ. ಒಂದೇ ಅಳತೆಯಲ್ಲಿಯೇ ಹೆಚ್ಚು ಭಾರ ಹೊರುವಂತೆ ಬಲಪಡಿಸಿದ, 'ಎಕ್ಸ್‌ಎಲ್' ಎಂದು ಬರೆದಿರುವ ಟೈರುಗಳೂ ದೊರೆಯುತ್ತವೆ.

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಗೊತ್ತುಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಹೇಳುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಈ ಹಿನ್ನೆಲೆಯಲ್ಲಿ ನನ್ನ ಸಲಹೆ ಸರಳ: ನಿಮ್ಮ ಕಾರಿನ ಕಡಿಮೆ ಬೆಲೆಯ ಮಾದರಿಯನ್ನು ಕೊಂಡಿದ್ದರೆ, ಅದೇ ಕಾರಿನ ಮೇಲಿನ ಮಾದರಿಗೆ ಕಂಪನಿಯೇ ಕೊಟ್ಟಿರುವ ಚಕ್ರದ ಅಳತೆಗೆ ಹೋಗಿ, ಅಲ್ಲಿಗೆ ನಿಲ್ಲಿ. ಸ್ವಿಫ್ಟಿನ ಉದಾಹರಣೆಯಲ್ಲಿ ಕಂಡಂತೆ ಆ ಅಳತೆಯನ್ನು ಎಂಜಿನಿಯರುಗಳು ಪೂರ್ತಿ ಭಾರ ಹೇರಿ ಪರೀಕ್ಷಿಸಿರುತ್ತಾರೆ. ಒಂದು ಮಿಲಿಮೀಟರ್ ಕೂಡ ಊಹೆಯಲ್ಲಿ ಉಳಿದಿರುವುದಿಲ್ಲ. ಜೊತೆಗೆ ವಿಮೆಯವರಿಂದ ಒಂದು ಸಾಲಿನ ಲಿಖಿತ ಒಪ್ಪಿಗೆ ಪಡೆಯಿರಿ. ಅಪಘಾತದ ಮರುದಿನ ವಾದಿಸುವುದಕ್ಕಿಂತ ಹಿಂದಿನ ವರ್ಷವೇ ಕೇಳಿಟ್ಟುಕೊಳ್ಳುವುದು ಜಾಣತನ.

ಆದರೆ ಹೊಣೆಯನ್ನೆಲ್ಲ ಕೊಳ್ಳುವವನ ತಲೆಯ ಮೇಲೆ ಹಾಕಿ ಮುಗಿಸಲು ನನಗೆ ಮನಸ್ಸಿಲ್ಲ. ಜರ್ಮನಿಯಲ್ಲಿ ಹೊರಗಿನ ಮಾರುಕಟ್ಟೆಯ ರಿಮ್ಮುಗಳೊಂದಿಗೆ, ಅವು ಯಾವ ಕಾರಿಗೆ, ಯಾವ ಟೈರಿನೊಡನೆ, ಯಾವ ಷರತ್ತುಗಳ ಮೇಲೆ ಹೊಂದುತ್ತವೆ ಎಂಬ ತಾಂತ್ರಿಕ ಪತ್ರ ಇರಬೇಕಾಗುತ್ತದೆ. ಅಗತ್ಯವಿದ್ದಾಗ ಟ್ಯೂಫ್‌ನಂತಹ ಪರೀಕ್ಷಾ ಸಂಸ್ಥೆಯ ತಜ್ಞರು ಕಾರನ್ನು ನೋಡಿ ಒಪ್ಪಬೇಕಾಗುತ್ತದೆ. ಅಲ್ಲಿ ದೊಡ್ಡ ಚಕ್ರಗಳನ್ನು ಹಾಕಿಸುವ ಹುಡುಗರು ಕಡಿಮೆಯೇನಿಲ್ಲ. ಅವರ ಹವ್ಯಾಸಕ್ಕೆ ಒಂದು ಅಳತೆಗೋಲನ್ನು ಕೊಟ್ಟಿದ್ದಾರೆ ಅಷ್ಟೇ. ನಮ್ಮಲ್ಲಿ ಒಂದು ಕಡೆ ಕಾನೂನು ಬಾಗಿಲನ್ನು ಮುಚ್ಚಿದಂತೆ ಕಾಣುತ್ತದೆ, ಇನ್ನೊಂದು ಕಡೆ ಅಂಗಡಿಗಳು ಬೀದಿಯುದ್ದಕ್ಕೂ ತೆರೆದಿವೆ. ನಡುವೆ ಸಿಕ್ಕಿರುವ ಹುಡುಗನಿಗೆ 'ಸೆಟ್ ಆಗುತ್ತೆ ಸಾರ್' ಎಂಬ ಮಾತಿನ ಹೊರತು ಬೇರೆ ಮಾರ್ಗದರ್ಶನವಿಲ್ಲ. ರಿಮ್ಮು ಮಾರುವವರು ಅದರ ಅಗಲ, ಆಫ್‌ಸೆಟ್, ರಂಧ್ರದ ವ್ಯಾಸ, ಹೊರಬಲ್ಲ ಭಾರ, ಹೊಂದುವ ಟೈರಿನ ಅಳತೆ, ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸಹಿ ಮಾಡಿ ಕೊಡಬೇಕೆಂಬ ನಿಯಮ ಬಂದರೆ ಅರ್ಧ ತೊಂದರೆ ತಪ್ಪುತ್ತದೆ. ನಿಯಮ ಬರುವವರೆಗೆ ಆ ಚೀಟಿಯನ್ನು ನೀವೇ ಕೇಳಿ ಪಡೆಯಿರಿ. ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ನಮಸ್ಕಾರ ಹೇಳಿ ಹೊರಗೆ ಬನ್ನಿ.

ಪೋಷಕರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಒಂದು ಮಾತು. ಮಗ ಚಕ್ರ ಬದಲಿಸುತ್ತೇನೆ ಎಂದಾಗ 'ಬೇಡ' ಎಂದರೆ ಅವನು ನಿಮಗೆ ತಿಳಿಯದಂತೆ, ಅಗ್ಗದ ಕಡೆಯಲ್ಲಿ ಹಾಕಿಸಿಕೊಂಡು ಬರುತ್ತಾನೆ. 'ವ್ಯಾಸ ಎಷ್ಟು? ಆಫ್‌ಸೆಟ್ ಎಷ್ಟು? ಭಾರದ ಸೂಚಿ ಎಷ್ಟು? ಐದು ಜನ ಕುಳಿತಾಗ ನೋಡಿದೆಯಾ?' ಎಂದು ಕೇಳಿ. ಉತ್ತರ ತಂದರೆ ಒಪ್ಪಿಕೊಳ್ಳಿ. ಲೆಕ್ಕ ಹಾಕಿ ಪಡೆದ ಸಂತೋಷವನ್ನು ಅಲ್ಲಗಳೆಯುವ ಅಧಿಕಾರ ನಮಗಿಲ್ಲ. ಉತ್ತರ ತರದಿದ್ದರೆ ಅವನೊಂದಿಗೆ ಕುಳಿತು ಕಾಗದದ ಮೇಲೆ ಲೆಕ್ಕ ಮಾಡಿ. ಹಾಗೆ ಕುಳಿತ ಅರ್ಧ ಗಂಟೆಯಲ್ಲಿ ಚಕ್ರದ ಅಳತೆಯ ಜೊತೆಗೆ ಬೇರೆ ಕೆಲವು ಅಂತರಗಳೂ ಸರಿಹೋದಾವು.

ಕಾರು ಕೊಂಡಿರುವ ಮಕ್ಕಳಿಗೆ ನನ್ನ ಶುಭಾಶಯಗಳು. ಪರೀಕ್ಷೆಯಲ್ಲಿ ಹಂತಗಳನ್ನು ಬರೆಯದೆ ಉತ್ತರವನ್ನಷ್ಟೇ ಬರೆದವರಿಗೆ ನಾನು ಪೂರ್ತಿ ಅಂಕ ಕೊಟ್ಟವನಲ್ಲ, ಈಗಲೂ ಕೊಡುವುದಿಲ್ಲ. ಹೊಸ ಚಕ್ರ ಹಾಕಿಸಿ ನನ್ನ ಮನೆಯ ಮುಂದೆ ಕಾರು ನಿಲ್ಲಿಸುವವರು ಮೊದಲು ಲೆಕ್ಕದ ಚೀಟಿಯನ್ನು ತೋರಿಸಿ. ಆಮೇಲೆ ಒಳಗೆ ಬನ್ನಿ, ಕಾಫಿ ಕುಡಿಯೋಣ.